ಜಿಲ್ಲೆಯ ಸರಾಸರಿಯಲ್ಲಿ ನಮ್ಮ ಓಣಿ ಎಲ್ಲಿದೆ?

ಊರಿನ ಆರೋಗ್ಯದ ಲೆಕ್ಕದ ಬಗ್ಗೆ ನಿಮಗಿರುವ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಳ್ಳಾರಿ, ರಾಯಚೂರು, ಕೊಪ್ಪಳದಿಂದಲೇ ಜಾಸ್ತಿ ಪತ್ರ ಬಂದಿವೆ. ಹೆಸರು ಹಾಕಬೇಡಿ ಅಂತ ಬಹಳ ಜನ ಬರೆದಿದ್ದಾರೆ, ಹಾಗಾಗಿ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಾನು ಬಳ್ಳಾರಿ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವವನು. ಮಕ್ಕಳ ಆರೋಗ್ಯ ಸುಧಾರಿಸಿದೆ, ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲೇ ಆಗ್ತಿವೆ ಅಂತ ಪೇಪರಿನಲ್ಲಿ ಜಿಲ್ಲೆಯ ಅಂಕಿ ಹಾಕ್ತಾರೆ. ನಮ್ಮ ಓಣಿಯಲ್ಲಿ ಅಂಥಾ ಸುಧಾರಣೆ ಏನೂ ಕಾಣಲ್ಲ. ಅಂಕಿ ಸುಳ್ಳಾ?

ಉತ್ತರ: ಅಣ್ಣ, ಅಂಕಿ ಸುಳ್ಳಲ್ಲ. ಅದು ನಿಮ್ಮ ಓಣಿಯ ಅಂಕಿ ಅಲ್ಲ, ಅಷ್ಟೇ.

ಪೇಪರಿನಲ್ಲಿ ಬರುವ ಜಿಲ್ಲಾ ಅಂಕಿಗಳಲ್ಲಿ ಬಹಳಷ್ಟು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವು. ಅದರ ಐದನೇ ಸುತ್ತು 2019ರಿಂದ 2021ರವರೆಗೆ ನಡೆಯಿತು. ಕರ್ನಾಟಕದಲ್ಲಿ ಮನೆ ಮನೆಗೆ ಹೋಗಿ ಕೇಳಿದ್ದು 2019ರ ಜುಲೈನಿಂದ ಡಿಸೆಂಬರ್‌ವರೆಗೆ. ದೇಶದ 707 ಜಿಲ್ಲೆಗಳಲ್ಲಿ ಸುಮಾರು 6.37 ಲಕ್ಷ ಮನೆಗಳಿಂದ ಮಾಹಿತಿ ಪಡೆದಿದ್ದರು. ಅಂದರೆ ಜಿಲ್ಲೆಗೆ ಸರಾಸರಿ 900 ಮನೆ. ಆ 900ರಲ್ಲಿ ಹಳ್ಳಿಯೂ ಬರಬೇಕು, ಪಟ್ಟಣವೂ ಬರಬೇಕು. ಕೌಲ್ ಬಜಾರಿನ ಪಾಲಿಗೆ ಎಷ್ಟು ಮನೆ ಬಂದಿರಬಹುದು ಅಂತ ನೀವೇ ಯೋಚಿಸಿ, ಒಂದೂ ಬರದೇ ಇದ್ದರೂ ಆಶ್ಚರ್ಯ ಇಲ್ಲ. ಸಮೀಕ್ಷೆ ಮಾಡಿದವರ ತಪ್ಪು ಅಂತ ನಾನು ಹೇಳುತ್ತಿಲ್ಲ. ಜಿಲ್ಲೆಗೊಂದು ಅಂಕಿ ಕೊಡಲು ಅಷ್ಟು ಮನೆ ಸಾಕು. ವಾರ್ಡಿಗೊಂದು ಅಂಕಿ ಕೊಡಲು ಸಾಲುವುದಿಲ್ಲ.

ಬಳ್ಳಾರಿಯವರು ಇನ್ನೊಂದು ವಿಷಯ ಗಮನಿಸಬೇಕು. 2019ರಲ್ಲಿ ಬಳ್ಳಾರಿ ಜಿಲ್ಲೆ ಅಂದರೆ ಹೊಸಪೇಟೆ, ಕೂಡ್ಲಿಗಿ, ಹೂವಿನಹಡಗಲಿ ಎಲ್ಲಾ ಸೇರಿದ್ದ ಹಳೇ ಜಿಲ್ಲೆ. ವಿಜಯನಗರ ಬೇರೆ ಜಿಲ್ಲೆ ಆಗಿದ್ದು 2021ರಲ್ಲಿ. ಈಗಿನ ಬಳ್ಳಾರಿಯ ಹೊಸ ಅಂಕಿಯನ್ನು ಆ ಹಳೇ ಅಂಕಿಯ ಪಕ್ಕ ಇಟ್ಟು ಇಷ್ಟು ಏರಿತು, ಇಷ್ಟು ಇಳಿಯಿತು ಅಂತ ಬರೆದರೆ ಎರಡು ಬೇರೆ ಬೇರೆ ಪ್ರದೇಶಗಳನ್ನು ಹೋಲಿಸಿದ ಹಾಗಾಗುತ್ತದೆ. ಇದನ್ನು ನಮ್ಮ ಪತ್ರಕರ್ತ ಗೆಳೆಯರಿಗೂ ಹೇಳಬೇಕು ಅನಿಸುತ್ತದೆ.

ಅದೇ ಸಮೀಕ್ಷೆ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಅದರ ಹಿಂದಿನ ಸುತ್ತಿನಲ್ಲಿ, 2015-16ರಲ್ಲಿ, ಇದು ಶೇ. 36.2 ಇತ್ತು. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತ ಕಡಿಮೆ ಇರುವವರು ಶೇ. 44.8 ಇದ್ದದ್ದು ಶೇ. 47.8ಕ್ಕೆ ಏರಿತು. ಈ ಮೊತ್ತದಲ್ಲಿ ಗಾಂಧಿನಗರದ ಡಾಕ್ಟರ ಮನೆಯ ಮಗು ಒಂದು, ಪೀಸ್ ಲೆಕ್ಕದಲ್ಲಿ ಹೊಲಿಯುವವರ ಮನೆಯ ಮಗು ಒಂದು. ಯಾರ ಮಗು ಕುಳ್ಳಗೆ ಉಳಿದಿದೆ ಅನ್ನುವುದು ಮೊತ್ತದಿಂದ ಗೊತ್ತಾಗುವುದಿಲ್ಲ.

ಹಾಗಾದರೆ ಓಣಿಯ ಲೆಕ್ಕ ಎಲ್ಲಿದೆ? ಇದೆ ಅಣ್ಣ. ನಿಮ್ಮ ಅಂಗನವಾಡಿಯಲ್ಲಿ ಪ್ರತಿ ತಿಂಗಳು ಮಕ್ಕಳ ತೂಕ, ಎತ್ತರ ಬರೆಯುತ್ತಾರೆ, ಪೋಷಣ್ ಟ್ರ್ಯಾಕರ್ ಆ್ಯಪ್‌ಗೂ ಹಾಕುತ್ತಾರೆ. ಆಶಾ ಹತ್ತಿರ ಬಸುರಿಯರ ಪಟ್ಟಿ ಇದೆ, ನರ್ಸ್ ಹತ್ತಿರ ಲಸಿಕೆ ಪಟ್ಟಿ ಇದೆ. ಇವನ್ನು ವಾರ್ಡುವಾರು ಕೂಡಿಸಿ ಪಕ್ಕ ಪಕ್ಕ ಇಟ್ಟು ನೋಡಿದರೆ ಯಾವ ಓಣಿ ಹಿಂದೆ ಬಿದ್ದಿದೆ ಅಂತ ಒಂದು ಬೆಳಗ್ಗೆಯಲ್ಲೇ ಗೊತ್ತಾಗುತ್ತದೆ. ಆ ಕೆಲಸ ಮಾಡಿ ಅಂತ ಪಾಲಿಕೆಯನ್ನೂ ಆರೋಗ್ಯ ಇಲಾಖೆಯನ್ನೂ ಕೇಳಬೇಕಾದವರು ನಾವು.

ಹೀಗೆ ನೋಡಿದಾಗ ಕೆಲವು ಸಲ ಕಾರಣ ತೀರಾ ಸಣ್ಣದಿರುತ್ತದೆ. ಬೆಳಗ್ಗೆ ತೆರೆದು ಸಂಜೆಯೊಳಗೆ ಮುಚ್ಚುವ ಕ್ಲಿನಿಕ್ಕಿಗೆ ಪೀಸ್ ಲೆಕ್ಕದಲ್ಲಿ ದುಡಿಯುವ ತಾಯಿ ಬರಬೇಕೆಂದರೆ ಅರ್ಧ ದಿನದ ದುಡಿಮೆ ಬಿಡಬೇಕು. ಆ ಓಣಿಯಲ್ಲಿ ಲಸಿಕೆ ತಪ್ಪಿದ ಮಕ್ಕಳು ಜಾಸ್ತಿ ಇದ್ದರೆ ತಾಯಂದಿರಿಗೆ ಜಾಗೃತಿ ಮೂಡಿಸುವ ಭಾಷಣಕ್ಕಿಂತ ಮೊದಲು ಕ್ಲಿನಿಕ್ಕಿನ ಟೈಮ್ ಬದಲಾಯಿಸಿ ನೋಡಬೇಕು.

ಪ್ರಶ್ನೆ: ನಾನು ರಾಯಚೂರಿನಲ್ಲಿ ಆಶಾ. ಇಷ್ಟು ರಿಜಿಸ್ಟರ್, ಇಷ್ಟು ಆ್ಯಪ್, ಇಷ್ಟು ಫೋಟೋ. ನಾವು ಬರೆದುಕೊಟ್ಟಿದ್ದು ಕೊನೆಗೆ ಎಲ್ಲಿಗೆ ಹೋಗುತ್ತೆ? ನಮಗಂತೂ ಏನೂ ವಾಪಸ್ ಬರಲ್ಲ.

ಉತ್ತರ: ಅಕ್ಕ, ನಿಮ್ಮ ಕೊನೆಯ ಮಾತನ್ನೇ ನಾನು ಎಲ್ಲರಿಗೂ ಓದಿ ಹೇಳಬೇಕು. ಅಂಕಿ ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಬರುವುದಿಲ್ಲ. ಕೆಲಸ ಕೆಡುವುದು ಅಲ್ಲೇ.

ಎಲ್ಲಿಗೆ ಹೋಗುತ್ತದೆ ಅಂತ ಕೇಳಿದ್ದೀರಿ. ಬಸುರಿ ಹೆಸರು ಬರೆಸಿದಾಗ ತಾಯಿ ಕಾರ್ಡಿನ ಮೇಲೆ ಬರುವ ನಂಬರು ಆರ್‌ಸಿಎಚ್ ಪೋರ್ಟಲಿನದು. ಆ ತಾಯಿಯ ತಪಾಸಣೆ, ಹೆರಿಗೆ, ಮಗುವಿನ ಲಸಿಕೆ ಎಲ್ಲಾ ಆ ನಂಬರಿನಡಿ ಸೇರಬೇಕು. ನಿಮ್ಮ ಆರೋಗ್ಯ ಕೇಂದ್ರದ ತಿಂಗಳ ಮೊತ್ತ ಆಸ್ಪತ್ರೆಗಳ ಲೆಕ್ಕ ಇಡುವ ಸರ್ಕಾರಿ ಪೋರ್ಟಲ್ ಎಚ್‌ಎಂಐಎಸ್‌ಗೆ ಹೋಗುತ್ತದೆ, ಇದು 2008ರಿಂದ ಇದೆ. ಜ್ವರ, ವಾಂತಿ-ಭೇದಿ ತರಹದವು ರೋಗಗಳ ಮೇಲೆ ಕಣ್ಣಿಡುವ ಪೋರ್ಟಲ್ ಐಎಚ್‌ಐಪಿಗೆ. ಅದರಲ್ಲಿ ಮೂರು ನಮೂನೆ: ಮನೆ ಮನೆ ತಿರುಗುವ ಸಿಬ್ಬಂದಿ ಲಕ್ಷಣ ನೋಡಿ ತುಂಬುವುದು ಎಸ್, ಡಾಕ್ಟರು ಇಂಥ ಕಾಯಿಲೆ ಇರಬಹುದು ಅಂತ ತುಂಬುವುದು ಪಿ, ಲ್ಯಾಬ್‌ನಲ್ಲಿ ಖಚಿತ ಆದದ್ದು ಎಲ್. ಕ್ಷಯದ್ದು ನಿಕ್ಷಯ್‌ನಲ್ಲಿ.

ಇಷ್ಟು ಜಾಗಕ್ಕೆ ಹೋಗುತ್ತದೆ, ಆದರೆ ಒಂದರ ಲೆಕ್ಕ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಎಚ್‌ಎಂಐಎಸ್‌ನಲ್ಲಿ ಇರುವುದು ಆಸ್ಪತ್ರೆಯ ಲೆಕ್ಕ, ಅಂದರೆ ಎಲ್ಲಿ ಚಿಕಿತ್ಸೆ ಆಯಿತು ಅನ್ನುವುದು. ರೋಗಿ ಯಾವ ಓಣಿಯಿಂದ ಬಂದರು ಅನ್ನುವುದು ಅದರಲ್ಲಿ ಇಲ್ಲ. ಅಸಮಾನತೆ ಅಳೆಯಬೇಕಾದರೆ ನಮಗೆ ಬೇಕಾದದ್ದು ಆ ಓಣಿಯ ಹೆಸರೇ ಅಲ್ವಾ?

ನಗರ ಆರೋಗ್ಯ ಅಭಿಯಾನ 2013ರಲ್ಲಿ ಶುರುವಾದಾಗ ನಿಯಮದಲ್ಲೇ ಒಳ್ಳೆಯ ವ್ಯವಸ್ಥೆ ಬರೆದಿದ್ದರು. 50,000 ಜನಕ್ಕೊಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ, 1,000ದಿಂದ 2,500 ಜನಕ್ಕೊಬ್ಬ ಆಶಾ, 50ರಿಂದ 100 ಮನೆಗೊಂದು ಮಹಿಳಾ ಆರೋಗ್ಯ ಸಮಿತಿ. ಯಾವ ಬಸ್ತಿಯವರು ಜಾಸ್ತಿ ಕಷ್ಟದಲ್ಲಿದ್ದಾರೆ ಅಂತ ನಕ್ಷೆ ಮಾಡಬೇಕು ಅಂತಲೂ ಅದರಲ್ಲಿದೆ. ಆ ನಕ್ಷೆ ನಿಮ್ಮ ಕೇಂದ್ರದ ಗೋಡೆ ಮೇಲೆ ಇದೆಯಾ, ನೋಡಿ. ಇದ್ದರೆ ಅದರಲ್ಲಿ ಘೋಷಿತ ಕೊಳಗೇರಿ ಮಾತ್ರ ಇದೆಯಾ, ಕಾಲುವೆ ದಂಡೆಯ ಜೋಪಡಿ, ಕಟ್ಟಡ ಕೆಲಸದವರ ತಗಡಿನ ಶೆಡ್ಡೂ ಇದೆಯಾ ಅಂತ ನೋಡಿ. ಘೋಷಣೆ ಆಗದ ಜಾಗದವರು ಹೆಚ್ಚಿನ ಪಟ್ಟಿಗಳಲ್ಲಿ ಇರುವುದೇ ಇಲ್ಲ, ಆದರೆ ಅವರ ಮನೆ ಬಾಗಿಲು ನಿಮಗೆ ಗೊತ್ತು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ತಿಂಗಳ ಸಭೆಯಲ್ಲಿ ಆಶಾಗಳಿಂದ ಅಂಕಿ ವಸೂಲಿ ಮಾಡುವುದಕ್ಕಿಂತ ಹಿಂದಿನ ತಿಂಗಳ ಅಂಕಿ ಅವರ ಮುಂದೆ ಇಟ್ಟು, ನಿಮ್ಮ ಏರಿಯಾದಲ್ಲಿ ಹೀಗಿದೆ, ಪಕ್ಕದಲ್ಲಿ ಹೀಗಿದೆ, ಯಾಕೆ ಅಂತ ಕೇಳಬೇಕು. ಯಾಕೆ ಅನ್ನುವುದಕ್ಕೆ ಉತ್ತರ ಇರುವುದು ನಿಮ್ಮ ಹತ್ತಿರ ಮಾತ್ರ.

ಪ್ರಶ್ನೆ: 2022ರಲ್ಲಿ ರಾಯಚೂರಿನಲ್ಲಿ ನಳದ ನೀರು ಕುಡಿದು ಜನ ಸತ್ತರು. ಅಂಕಿ-ಅಂಶ ಸರಿ ಇದ್ದಿದ್ದರೆ ಅದು ತಪ್ಪುತ್ತಿತ್ತಾ?

ಉತ್ತರ: ಮೊದಲು ನಡೆದದ್ದು ಹೇಳುತ್ತೇನೆ, ಬೇರೆ ಊರಿನ ಓದುಗರಿಗೆ ಮರೆತಿರಬಹುದು. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಬಹಳಷ್ಟು ಜನ ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ತೀರಿಕೊಂಡರು. ಸರ್ಕಾರ ತನಿಖೆಗೆ ಆದೇಶಿಸಿತು, ಪರಿಹಾರವನ್ನೂ ಘೋಷಿಸಿತು.

ತಪ್ಪುತ್ತಿತ್ತು ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಇಂಥ ಘಟನೆಯಲ್ಲಿ ಮೊದಲ ಎರಡು ಮೂರು ದಿನ ಬಹಳ ಮುಖ್ಯ, ಆ ದಿನಗಳಲ್ಲಿ ಅಂಕಿ ಖಂಡಿತ ಜೀವ ಉಳಿಸಬಲ್ಲದು. ಹೇಗೆ ಅಂತ ನೋಡಿ. ಒಂದು ಓಣಿಯಲ್ಲಿ ವಾಂತಿ-ಭೇದಿ ಶುರುವಾದರೆ ಜನ ಮೊದಲು ಹೋಗುವುದು ಮೆಡಿಕಲ್ ಶಾಪಿಗೆ, ಆಮೇಲೆ ಪಕ್ಕದ ಸಣ್ಣ ಕ್ಲಿನಿಕ್ಕಿಗೆ. ಅಲ್ಲಿ ಸಲೈನ್ ಹಾಕಿಸಿಕೊಂಡು ಮನೆಗೆ ಬರುತ್ತಾರೆ. ಸರ್ಕಾರಿ ದವಾಖಾನೆಗೆ ಬರುವುದು ತೀರಾ ಬಿಗಡಾಯಿಸಿದ ಮೇಲೆ. ಸರ್ಕಾರದ ಲೆಕ್ಕಕ್ಕೆ ಬರುವುದೂ ಆಗಲೇ. ಖಾಸಗಿ ಕ್ಲಿನಿಕ್ಕಿನವರು ಅದೇ ದಿನ, ಈ ಏರಿಯಾದಿಂದ ಇವತ್ತು ಆರು ಜನ ಬಂದರು ಅಂತ ಒಂದು ಫೋನ್ ಮಾಡಿದರೂ ಆ ಏರಿಯಾದ ವಾಲ್ವ್ ಬಂದ್ ಮಾಡಿ ಟ್ಯಾಂಕರ್ ಕಳಿಸಬಹುದು.

ಇನ್ನು ನೀರಿನ ಲೆಕ್ಕ. ನಮ್ಮ ಊರುಗಳಲ್ಲಿ ನಳಕ್ಕೆ ದಿನಾ ನೀರು ಬರುವುದಿಲ್ಲ. ಬೇಸಿಗೆ ಬಂತೆಂದರೆ ಬಳ್ಳಾರಿಯಲ್ಲಂತೂ ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ ಅನ್ನುವುದೇ ಮನೆ ಮನೆಯ ಮಾತು. ನೀರು ನಿಂತ ಹೊತ್ತಿನಲ್ಲಿ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಚರಂಡಿ ಪಕ್ಕದಲ್ಲೇ ಹೋದ ಹಳೇ ಪೈಪಿನ ಜಾಯಿಂಟ್ ಒಡೆದಿದ್ದರೆ ಆಗ ಕೊಳಚೆ ಒಳಗೆ ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಅದು ಮೊದಲ ಕೊಡದಲ್ಲಿ ಬರುತ್ತದೆ. ಮನೆ ಮೇಲೆ ಸಿಂಟೆಕ್ಸ್, ಅಡುಗೆಮನೆಯಲ್ಲಿ ಫಿಲ್ಟರ್ ಇದ್ದವರು ಹೇಗೋ ತಪ್ಪಿಸಿಕೊಳ್ಳುತ್ತಾರೆ. ಗುಂಡಿ ತೋಡಿ, ತಗ್ಗಿನ ನಳಕ್ಕೆ ಕೊಡ ಇಟ್ಟು ಹಿಡಿದು, ಅದನ್ನೇ ಕುಡಿಯುವವರಿಗೆ ಕಾಯಿಲೆ ಬರುತ್ತದೆ. ನೀರು ಒಂದೇ ಟ್ಯಾಂಕಿನದಾದರೂ ಕಾಯಿಲೆ ಎಲ್ಲರಿಗೂ ಸಮನಾಗಿ ಬರುವುದಿಲ್ಲ. ನಗರದ ಆರೋಗ್ಯ ಅಸಮಾನತೆ ಅಂದರೆ ಇದೇ.

ನಳದ ಕೊನೆ ತುದಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುವುದು ಭಾರತೀಯ ಮಾನದಂಡ. ಪರೀಕ್ಷೆ ಸುಲಭ: ಸಣ್ಣ ಟ್ಯೂಬಿನಲ್ಲಿ ನಳದ ನೀರು ಹಿಡಿದು ಓ.ಟಿ. (ಆರ್ಥೋಟೊಲಿಡಿನ್) ದ್ರಾವಣದ ಹನಿ ಹಾಕಿದರೆ ಕ್ಲೋರಿನ್ ಇದ್ದಲ್ಲಿ ಹಳದಿ ಬಣ್ಣ ಬರುತ್ತದೆ. ಬಣ್ಣ ಬರಲಿಲ್ಲ ಅಂದರೆ ಕ್ಲೋರಿನ್ ಇಲ್ಲ. ಇನ್ನೊಂದು ಎಚ್‌2ಎಸ್ ಬಾಟಲಿ. ಅದರಲ್ಲಿ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ನೀರಿಗೆ ಮಲ ಸೇರಿರುವ ಅನುಮಾನ. ಆದರೆ ಪರೀಕ್ಷೆಯನ್ನು ಬರೀ ಟ್ಯಾಂಕಿನ ಹತ್ತಿರ ಮಾಡಿದರೆ ಏನೂ ಗೊತ್ತಾಗಲ್ಲ, ಅಲ್ಲಿ ಸಾಮಾನ್ಯವಾಗಿ ಹಳದಿಯೇ ಬರುತ್ತದೆ. ಕೊನೆಯ ಓಣಿಯ ಕೊನೆಯ ನಳದಲ್ಲಿ ಮಾಡಬೇಕು, ವಾರವಾರ ಬರೆದಿಡಬೇಕು, ಆ ಹಾಳೆಯನ್ನು ವಾಂತಿ-ಭೇದಿಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ನೀರು ಕೊಡುವ ಇಲಾಖೆ ಬೇರೆ, ಕಾಯಿಲೆ ಎಣಿಸುವ ಇಲಾಖೆ ಬೇರೆ. ಆ ಎರಡು ಹಾಳೆ ಒಂದೇ ಮೇಜಿನ ಮೇಲೆ ಬರುವ ಹಾಗೆ ಮಾಡುವುದು ಜಿಲ್ಲಾಡಳಿತದ ಕೆಲಸ.

ಪ್ರಶ್ನೆ: ಬಳ್ಳಾರಿಯಲ್ಲಿ ಸಮಾಜಕಾರ್ಯ ಓದುತ್ತಿದ್ದೇನೆ. ವಾರ್ಡುಗಳ ಶಿಶು ಮರಣ ಹೋಲಿಸಿ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೇನೆ. ಏನು ಎಚ್ಚರ ವಹಿಸಬೇಕು?

ಉತ್ತರ: ತಂಗಿ, ಒಳ್ಳೆಯ ವಿಷಯ ತಗೊಂಡಿದ್ದೀಯ. ಒಂದು ಊಹೆಯ ಲೆಕ್ಕದಿಂದ ಶುರು ಮಾಡೋಣ.

ಒಂದು ಊರಿನಲ್ಲಿ ಎರಡೇ ವಾರ್ಡ್. ಮೊದಲನೆಯದರಲ್ಲಿ ವರ್ಷಕ್ಕೆ 400 ಹೆರಿಗೆ, ಸತ್ತ ಶಿಶು 4. ಸಾವಿರಕ್ಕೆ 10. ಎರಡನೆಯದರಲ್ಲಿ 100 ಹೆರಿಗೆ, ಅಲ್ಲೂ ಸತ್ತದ್ದು 4. ಸಾವಿರಕ್ಕೆ 40. ಊರಿನ ಸರಾಸರಿ 16. ಕೆಲವು ವರ್ಷ ಬಿಟ್ಟು ನೋಡಿದರೆ ಮೊದಲನೆಯದು 5ಕ್ಕೆ ಇಳಿದಿದೆ, ಎರಡನೆಯದು 30ಕ್ಕೆ. ಸರಾಸರಿ 10. ಎಲ್ಲರೂ ಖುಷಿ. ಎರಡು ವಾರ್ಡುಗಳ ಅಂತರ 30 ಇದ್ದದ್ದು 25 ಆಗಿದೆ, ಅದೂ ಕಡಿಮೆಯಾಗಿದೆ. ಆದರೆ ಮೊದಲು ಎರಡನೇ ವಾರ್ಡಿನ ಮಗುವಿಗೆ ಅಪಾಯ ನಾಲ್ಕು ಪಟ್ಟು ಇತ್ತು, ಈಗ ಆರು ಪಟ್ಟು! ಹಾಗಾಗಿ ಅಂತರವನ್ನೂ ಬರಿ, ಎಷ್ಟು ಪಟ್ಟು ಅನ್ನುವುದನ್ನೂ ಬರಿ. ಒಂದನ್ನೇ ಬರೆದರೆ ಬೇಕಾದ ಹಾಗೆ ಕಥೆ ಹೇಳಬಹುದು.

ಇನ್ನೊಂದು, ಸಣ್ಣ ವಾರ್ಡಿನಲ್ಲಿ ಒಂದು ವರ್ಷ 4 ಸಾವು, ಮುಂದಿನ ವರ್ಷ 2 ಆದರೆ ದರ 40ರಿಂದ 20ಕ್ಕೆ ಬೀಳುತ್ತದೆ. ಅದು ಸುಧಾರಣೆಯೂ ಇರಬಹುದು, ಸುಮ್ನೆ ಆಕಸ್ಮಿಕವೂ ಇರಬಹುದು. ಮೂರು ಅಥವಾ ಐದು ವರ್ಷದ್ದು ಕೂಡಿಸಿ ನೋಡು.

ಎಲ್ಲಕ್ಕಿಂತ ದೊಡ್ಡ ತೊಡಕು ವಿಳಾಸದ್ದು. ಜನನ, ಮರಣ ನೋಂದಣಿ ಆಗುವುದು ಅದು ನಡೆದ ಜಾಗದಲ್ಲಿ. ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಕೊಪ್ಪಳದಿಂದ, ಸಿರುಗುಪ್ಪದಿಂದ, ಆಂಧ್ರದ ಗಡಿ ಊರುಗಳಿಂದ ಕೈಮೀರಿದ ಕೇಸು ಬರುತ್ತವೆ. ಆ ಮಗು ಅಲ್ಲಿ ತೀರಿಕೊಂಡರೆ ನೋಂದಣಿ ಬಳ್ಳಾರಿ ನಗರದಲ್ಲಿ. ಆಸ್ಪತ್ರೆ ಇರುವ ವಾರ್ಡೇ ಅತಿ ಕೆಟ್ಟ ವಾರ್ಡ್ ಅಂತ ನಿನ್ನ ನಕ್ಷೆಯಲ್ಲಿ ಕೆಂಪಾಗಿ ಕಾಣುತ್ತದೆ. ಇದರ ಜೊತೆಗೆ ನಮ್ಮ ಕಡೆ ಮೊದಲ ಹೆರಿಗೆಗೆ ತವರಿಗೆ ಹೋಗುವುದು ಇದೆ. ಕೌಲ್ ಬಜಾರಿನ ಸೊಸೆ ಆದೋನಿಗೆ ಹೋಗಿ ಹೆತ್ತರೆ ಆ ಮಗು ನಿನ್ನ ಪಟ್ಟಿಯಲ್ಲೇ ಇರಲ್ಲ. ಹಾಗಾಗಿ ನೋಂದಣಿ ಪುಸ್ತಕದಲ್ಲಿ ತಂದೆ-ತಾಯಿಯ ಖಾಯಂ ವಿಳಾಸದ ಕಾಲಂ ನೋಡಿ ವಿಂಗಡಿಸು. ಆ ಕಾಲಮ್ಮಿನಲ್ಲಿ ಬರೀ 'ಬಳ್ಳಾರಿ' ಅಂತ ಬರೆದು ಬಿಟ್ಟಿರುವುದು ಎಷ್ಟು ಅಂತ ಎಣಿಸು. ಅದೇ ನಿನ್ನ ಪ್ರಾಜೆಕ್ಟಿನ ಒಂದು ಮುಖ್ಯ ಫಲಿತಾಂಶ ಆಗಬಹುದು.

ಜನಸಂಖ್ಯೆಗೆ ಈಗಲೂ 2011ರ ಜನಗಣತಿಯನ್ನೇ ಹಿಡಿಯಬೇಕು. ಆಗ ಬಳ್ಳಾರಿ ನಗರದಲ್ಲಿ ನಾಲ್ಕು ಲಕ್ಷಕ್ಕೂ ಸ್ವಲ್ಪ ಜಾಸ್ತಿ ಜನ ಇದ್ದರು. ಆಮೇಲೆ ಎದ್ದ ಬಡಾವಣೆಗಳು ಅದರಲ್ಲಿ ಇಲ್ಲ. ಮುಂದಿನ ಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. ಅಲ್ಲಿಯವರೆಗೆ ಪ್ರತಿ ಲಕ್ಷ ಜನಕ್ಕೆ ಇಷ್ಟು ಅಂತ ಲೆಕ್ಕ ಹಾಕುವಾಗ ಜೋಪಾನ. ನೀನು ಹೆರಿಗೆಗಳ ಮೇಲೆ ಲೆಕ್ಕ ಹಾಕುತ್ತಿರುವುದರಿಂದ ಈ ತೊಂದರೆ ನಿನಗೆ ಕಡಿಮೆ.

ಮಾದರಿ ಬೇಕಿದ್ದರೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರತಂದ ಅರ್ಬನ್ ಹಾರ್ಟ್ ನೋಡು. ಒಂದೊಂದು ಪ್ರದೇಶಕ್ಕೂ ಒಂದೊಂದು ವಿಷಯಕ್ಕೂ ಹಸಿರು, ಹಳದಿ, ಕೆಂಪು ಹಾಕುವ ಕೋಷ್ಟಕ. ಕಾರ್ಪೊರೇಟರ್ ಮುಂದೆ ಇಟ್ಟರೂ ಒಂದು ನೋಟಕ್ಕೆ ಅರ್ಥವಾಗುತ್ತದೆ.

ಪ್ರಶ್ನೆ: ಕೊಪ್ಪಳದಲ್ಲಿ ಕಾರ್ಖಾನೆ ಧೂಳಿನಿಂದ ಕೆಮ್ಮು, ದಮ್ಮು ಅಂತ ನಾವು ಹೇಳಿದರೆ 'ಸಾಕ್ಷಿ ಎಲ್ಲಿ' ಅಂತಾರೆ.

ಉತ್ತರ: ಗಿಣಿಗೇರಾ, ಹಿರೇಬಗನಾಳ ಕಡೆ ಮನೆ ಮಾಳಿಗೆ ಮೇಲೆ ಕೈಯಾಡಿಸಿದರೆ ಕಪ್ಪು ಬೂದಿ ಹತ್ತುತ್ತದೆ. 2025ರ ಫೆಬ್ರವರಿಯಲ್ಲಿ ಕೊಪ್ಪಳ ಬಂದ್ ಆದದ್ದೂ ಇದೇ ಸಂಕಟಕ್ಕೆ. ಆದರೂ ಸಾಕ್ಷಿ ಕೇಳುವವರಿಗೆ ಸಾಕ್ಷಿಯನ್ನೇ ಕೊಡಬೇಕು, ಕೊಡಲು ಆಗುತ್ತದೆ.

ಗಾಳಿಯ ಲೆಕ್ಕ ಒಂದು. ಸೂಕ್ಷ್ಮ ಕಣಗಳಿಗೆ, ಅಂದರೆ ಪಿಎಂ 2.5ಕ್ಕೆ, ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಅಳೆಯುವ ಯಂತ್ರ ಎಲ್ಲಿ ಕೂರಿಸಿದ್ದಾರೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಗಾಳಿ ಬೀಸುವ ದಿಕ್ಕಿನಲ್ಲಿ, ಜನ ವಾಸ ಮಾಡುವಲ್ಲಿ ಕೂರಿಸಿ ಅಂತ ಕೇಳಿ.

ಎರಡನೆಯದು ಕಾಯಿಲೆಯ ಲೆಕ್ಕ. ಕಾರ್ಖಾನೆ ಹತ್ತಿರದ ಒಂದು ಊರು, ದೂರದ ಒಂದು ಊರು ತಗೊಂಡು, ಆರೋಗ್ಯ ಕೇಂದ್ರದ ಒಪಿಡಿ ಪುಸ್ತಕದಲ್ಲಿ ಉಸಿರಾಟದ ತೊಂದರೆಗೆ ಬಂದವರನ್ನು ತಿಂಗಳುವಾರು ಎಣಿಸಬೇಕು. ಬೀಡಿ-ಸಿಗರೇಟು, ಸೌದೆ ಒಲೆ, ವಯಸ್ಸು ಇವನ್ನೂ ಬರೆದುಕೊಳ್ಳಿ, ಇಲ್ಲದಿದ್ದರೆ ಒಲೆಯ ಹೊಗೆಯಿಂದ ಬಂತು ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಮಕ್ಕಳ ಲೆಕ್ಕ ಬೇರೆಯಾಗಿ ಇಡಿ, ಅವರು ಬೀಡಿ ಸೇದುವುದಿಲ್ಲ. ಧೂಳಿನಲ್ಲಿ ದುಡಿದವರಿಗೆ ಬರುವ ಸಿಲಿಕೋಸಿಸ್ ಅನ್ನು ಕ್ಷಯ ಅಂತ ತಿಳಿದು ತಿಂಗಳುಗಟ್ಟಲೆ ಕ್ಷಯದ ಗುಳಿಗೆ ಕೊಡುವುದೂ ಉಂಟು. ಹಾಗಾಗಿ ರೋಗಿ ಏನು ಕೆಲಸ ಮಾಡುತ್ತಾರೆ ಅಂತ ಒಪಿಡಿ ಚೀಟಿಯಲ್ಲಿ ಬರೆಯುವ ರೂಢಿ ಬರಲೇಬೇಕು. ಇದು ಕೊಪ್ಪಳಕ್ಕೆ ಮಾತ್ರ ಅಲ್ಲ, ಗಣಿಗಳಿರುವ ಸಂಡೂರಿಗೂ ಉಷ್ಣ ವಿದ್ಯುತ್ ಸ್ಥಾವರ ಇರುವ ಶಕ್ತಿನಗರಕ್ಕೂ ಬೇಕು.

ಪ್ರಶ್ನೆ: ಓಣಿವಾರು ಅಂಕಿ ಹೊರಗೆ ಬಿಟ್ಟರೆ ಯಾರಿಗೆ ಯಾವ ಕಾಯಿಲೆ ಅಂತ ಊರಿಗೇ ಗೊತ್ತಾಗಲ್ವಾ? (ರಾಯಚೂರಿನ ಗೃಹಿಣಿ)

ಉತ್ತರ: ಗೊತ್ತಾಗುವ ಅಪಾಯ ಇದೆ ಮೇಡಂ. ಸಣ್ಣ ಓಣಿಯಲ್ಲಿ ಕ್ಷಯ 2 ಅಂತ ಹಾಕಿದರೆ ಆ ಇಬ್ಬರು ಯಾರು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೇ ತೀರಾ ಸಣ್ಣ ಸಂಖ್ಯೆ ಇದ್ದಲ್ಲಿ ಅಂಕಿ ತೋರಿಸಬಾರದು, ಅಕ್ಕಪಕ್ಕದ ಓಣಿ ಸೇರಿಸಿ ತೋರಿಸಬೇಕು. ಎಚ್‌ಐವಿ ವಿಷಯದಲ್ಲಂತೂ ಗುಟ್ಟು ಕಾಪಾಡಬೇಕು ಅಂತ 2017ರ ಕಾಯ್ದೆಯೇ ಇದೆ. ಯಾರ ಹೆಸರೂ ಹೊರಗೆ ಬರಬಾರದು.

ಪ್ರಶ್ನೆ: ವಾರ್ಡಿನ ಅಂಕಿ ಕೇಳಿದರೆ ಆಫೀಸಿನಲ್ಲಿ 'ಇಲ್ಲ' ಅಂತಾರೆ. ಏನು ಮಾಡಲಿ?

ಉತ್ತರ: ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ, ಕಾರ್ಡಿನ ಝೆರಾಕ್ಸ್ ಲಗತ್ತಿಸಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು. ಇದು ಗೊತ್ತಿಲ್ಲದೆ ಎಲ್ಲಾ ಒಂದರಲ್ಲೇ ಬರೆದರೆ ಅರ್ಜಿ ವಾಪಸ್ ಬರಬಹುದು. 'ನಮ್ಮ ವಾರ್ಡಿನ ಆರೋಗ್ಯ ಪರಿಸ್ಥಿತಿ ತಿಳಿಸಿ' ಅಂತ ಬರೆಯಬೇಡಿ, ಅದಕ್ಕೆ ಅವರ ಹತ್ತಿರ ಉತ್ತರ ಇರುವುದಿಲ್ಲ. ಅವರ ಹತ್ತಿರ ಕಾಗದದಲ್ಲಿ ಇರುವುದನ್ನೇ ಕೇಳಿ. ಆರೋಗ್ಯ ಇಲಾಖೆಗೆ ಒಂದು ಅರ್ಜಿ: 'ಇಂಥ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಕಳೆದ 12 ತಿಂಗಳಲ್ಲಿ ವರದಿಯಾದ ವಾಂತಿ-ಭೇದಿ ಪ್ರಕರಣಗಳ ಸಂಖ್ಯೆ, ತಿಂಗಳುವಾರು, ಪ್ರದೇಶವಾರು, ಹೆಸರುಗಳಿಲ್ಲದೆ.' ಪಾಲಿಕೆ ಅಥವಾ ನಗರಸಭೆಗೆ ಇನ್ನೊಂದು: ಅದೇ ಅವಧಿಯಲ್ಲಿ ಅದೇ ಪ್ರದೇಶದ ನಳಗಳಲ್ಲಿ ಮಾಡಿದ ಕ್ಲೋರಿನ್ ಪರೀಕ್ಷೆಗಳ ದಿನಾಂಕ, ಸ್ಥಳ, ಫಲಿತಾಂಶ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. 'ಪ್ರದೇಶವಾರು ವಿಂಗಡಿಸಿಲ್ಲ' ಅಂತ ಬರೆದುಕೊಟ್ಟರೆ ಆ ಕಾಗದ ಎಸೆಯಬೇಡಿ. ಅದರ ಒಂದು ಪ್ರತಿ ನಿಮ್ಮ ವಾರ್ಡಿನ ಸದಸ್ಯರಿಗೆ ಕೊಡಿ, ಒಂದು ಪ್ರತಿ ನಮಗೆ ಕಳಿಸಿ. ಮೂರು ಊರಿನಿಂದಲೂ ಬಂದ ಉತ್ತರಗಳನ್ನು ಇದೇ ಅಂಕಣದಲ್ಲಿ ಪಕ್ಕ ಪಕ್ಕ ಹಾಕುತ್ತೇನೆ.